ಸಂಪಿನ ನೀರು

ಪಂಪಿನ ಸ್ವಿಚ್ಚು ಯಾರ ಕೈಯಲ್ಲಿರಬೇಕು ಅನ್ನುವುದರ ಮೇಲೆ ಬೋಗಾದಿಯ ಮಹದೇವು ಮನೆಯಲ್ಲಿ ಜಗಳ ಹತ್ತಿಕೊಂಡದ್ದು ಶಿವರಾತ್ರಿ ಕಳೆದ ವಾರದಲ್ಲಿ. ಮನೆಯ ಹಿಂದೆ ಅವನು ಹಟ ಹಿಡಿದು ಉಳಿಸಿಕೊಂಡ ಒಂದು ತುಂಡು ಜಾಗವಿತ್ತು. ಮಿಕ್ಕ ಹೊಲವೆಲ್ಲ ಲೇಔಟಾಗಿ, ಅಡ್ಡರಸ್ತೆಗಳಾಗಿ, ಯಾರ್ಯಾರದೋ ಮನೆಗಳಾಗಿ ಹೋಗಿತ್ತು. ಆ ತುಂಡಿನಲ್ಲಿ ದಂಟು, ಮೆಂತ್ಯ, ಸಬ್ಬಸಿಗೆ, ಕೊತ್ತಂಬರಿ ಬೆಳೆದು, ಬೆಳಿಗ್ಗೆ ಎದ್ದು ಕಟ್ಟು ಕಟ್ಟಿ, ರಸ್ತೆ ತಿರುವಿನಲ್ಲಿ ಗೋಣಿತಾಟು ಹಾಸಿಕೊಂಡು ಮಾರುತ್ತಿದ್ದ. ಬೋರ್‌ವೆಲ್ಲೂ ಅಲ್ಲೇ ಇತ್ತು. ಆವತ್ತು ಸೊಪ್ಪು ಮಾರಿಕೊಂಡು ಬರುವಷ್ಟರಲ್ಲಿ ಮಗ ಅಭಿಲಾಷ್ ಬೋರಿನ ಬಾಯಿಗೆ ದಪ್ಪ ಪೈಪು ಸಿಕ್ಕಿಸಿ ಟ್ಯಾಂಕರು ತುಂಬಿಸುತ್ತಿದ್ದ. ಪಾತಿಗೆ ಹೋಗುವ ಪೈಪು ಕಳಚಿ ಪಕ್ಕಕ್ಕೆ ಬಿದ್ದಿತ್ತು.

“ಅದನ್ಯಾಕೆ ಕಿತ್ತಾಕಿದ್ದೀಯ?” ಮಹದೇವು ಕೇಳಿದ.

“ಎರಡು ಲೋಡು ಕೊಡ್ಬೇಕು ಅಪ್ಪ. ಆಮೇಲೆ ನೀವು ಬಿಟ್ಕೊಳಿ.”

“ಆಮೇಲೆ ಅಂದ್ರೆ ಬಿಸ್ಲು ನೆತ್ತಿ ಮ್ಯಾಲೆ ಬತ್ತದೆ. ಬಿಸ್ಲಲ್ಲಿ ನೀರು ಬುಟ್ರೆ ಸೊಪ್ಪು ಬೇಯ್ತದೆ ಕಣೋ.”

“ಒಂದು ಲೋಡಿಗೆ ಬರೋದು ನಿಮ್ಮ ಸೊಪ್ಪಲ್ಲಿ ವಾರವೆಲ್ಲ ಕೂತ್ರೂ ಬರಲ್ಲ.”

ಮಹದೇವು ಹೋಗಿ ಸ್ವಿಚ್ಚು ಆರಿಸಿದ. ಅಭಿಲಾಷ್ ಬಂದು ಮತ್ತೆ ಹಾಕಿದ. ಅಡುಗೆಮನೆಯಿಂದ ದೇವಿರಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಇಬ್ಬರ ನಡುವೆ ನಿಂತಳು.

“ಬೀದಿ ಜನ ನೋಡ್ತಾವ್ರೆ. ಒಳಕ್ ಬನ್ನಿ,” ಅಂದಳು ಗಂಡನಿಗೆ. ಮಗನಿಗೆ ಏನೂ ಅನ್ನಲಿಲ್ಲ.

ಮಗನಿಗೆ ಅನ್ನುವಂತೆಯೂ ಇರಲಿಲ್ಲ. ಹೊಲ ಮಾರಿದ ಹಣದಲ್ಲಿ ಮಗಳ ಮದುವೆಯಾಯಿತು, ಮೂರಂತಸ್ತಿನ ಮನೆಯಾಯಿತು. ಮೇಲಿನ ಎರಡು ಅಂತಸ್ತಿನಲ್ಲಿ ಕಾಲೇಜು ಹುಡುಗಿಯರನ್ನು ಊಟ ಸಮೇತ ಪೀಜಿಗೆ ಇಟ್ಟುಕೊಂಡಿದ್ದರು. ಸೊಸೆ ಬಿಂದು ಅಷ್ಟೂ ಜನಕ್ಕೆ ಬೇಯಿಸಿ ಹಾಕುತ್ತಿದ್ದಳು. ಅಭಿಲಾಷ್ ಬಾಡಿಗೆ ಕಾರು ಓಡಿಸಿದ. ಅದು ಡೀಸೆಲ್ಲಿಗೂ ಗಿಟ್ಟದೆ ಹೋಯಿತು. ಈ ಬೇಸಿಗೆಯಲ್ಲಿ ಲೇಔಟಿನ ಬೋರುಗಳು ಒಂದೊಂದಾಗಿ ಕೈಕೊಡತೊಡಗಿದಾಗ ಅವನಿಗೆ ದಾರಿ ಕಂಡಿತು. ಲೇಔಟು ಇನ್ನೂ ನಗರಪಾಲಿಕೆಗೆ ಸೇರಿರಲಿಲ್ಲ, ಹೊಳೆ ನೀರಿನ ಪೈಪು ರಿಂಗ್ ರೋಡು ದಾಟಿ ಈಚೆ ಬಂದಿರಲಿಲ್ಲ. ಮಹದೇವು ಮನೆ ಬೋರಿನಲ್ಲಿ ಮಾತ್ರ ನೀರು ಧಾರೆಯಾಗಿ ಬರುತ್ತಿತ್ತು. ಹಳೆಯ ಟ್ರ್ಯಾಕ್ಟರು, ಹಳೆಯ ಟ್ಯಾಂಕರು ಹೊಂದಿಸಿಕೊಂಡು ಅಭಿಲಾಷ್ ನೀರು ಹಾಕುವ ಅಭಿ ಆದ. ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು.

ಪಕ್ಕದ ಮನೆಯ ಚಿಕ್ಕಬಸವಯ್ಯ ಮಹದೇವುವಿನ ಜೊತೆ ದನ ಮೇಯಿಸಿಕೊಂಡು ಬೆಳೆದವನು. ಅವನಿಗೆ ಈಗಲೂ ಎರಡು ಸೀಮೆಹಸುಗಳಿದ್ದವು. ಸುತ್ತಿನ ಮನೆಗಳಿಗೆ ಹಾಲು ಹಾಕುತ್ತಿದ್ದ. ಟ್ಯಾಂಕರು ಶುರುವಾಗಿ ಕೆಲವೇ ವಾರದಲ್ಲಿ ಅವನ ಬೋರು ಗಾಳಿ ಎಳೆಯತೊಡಗಿತು. ಒಂದು ಬೆಳಿಗ್ಗೆ ಎರಡು ಖಾಲಿ ಬಕೀಟು ಹಿಡಿದುಕೊಂಡು ಗೇಟಿನ ಹತ್ತಿರ ಬಂದು ನಿಂತ.

“ಮಹದೇವು, ದನಕ್ಕೆ ಎರಡು ಬಕೀಟು ಬುಡ್ತೀಯಾ?”

ಮಹದೇವು ಬಾಯಿ ತೆರೆಯುವ ಮೊದಲೇ ಅಭಿಲಾಷ್ ಟ್ರ್ಯಾಕ್ಟರಿನಿಂದ ಇಳಿದು ಬಂದ. “ದೊಡ್ಡಪ್ಪ, ಇದು ಎರಡು ಬಕೀಟಿಗೆ ಮುಗಿಯೋ ಮಾತಲ್ಲ. ದಿನಾ ಬೇಕಾಗ್ತದೆ. ಅರ್ಧ ರೇಟಿಗೆ ಒಂದು ಲೋಡು ಹಾಕಿಸ್ತೀನಿ, ನಿಮ್ಗೂ ನೆಮ್ಮದಿ.”

“ನನ್ ಬೋರಿನ ನೀರನ್ನೇ ನಂಗೆ ಅರ್ಧ ರೇಟಿಗೆ ಕೊಡ್ತೀಯಾ ಮಗ?” ಚಿಕ್ಕಬಸವಯ್ಯ ಸಿಟ್ಟಿಲ್ಲದೆ ಕೇಳಿದ.

“ನೆಲದೊಳಗಿನ ನೀರಿಗೆ ಯಾರ ಹೆಸರು ಬರೆದಿರ್ತದೆ ದೊಡ್ಡಪ್ಪ?”

ಮಹದೇವು ಬಕೀಟುಗಳನ್ನು ಇಸಿದುಕೊಂಡು ತುಂಬಿಸಿ, ಒಂದನ್ನು ತಾನೇ ಹೊತ್ತುಕೊಂಡು ಹೋಗಿ ಕೊಟ್ಟಿಗೆಯಲ್ಲಿ ಇಟ್ಟು ಬಂದ. ಮಧ್ಯಾಹ್ನ ಊಟಕ್ಕೆ ಕೂತಾಗ ಅಭಿಲಾಷ್ ಮುದ್ದೆ ಮುರಿಯುತ್ತ ಅಂದ, “ಒಬ್ರಿಗೆ ಬಿಟ್ರೆ ಬೀದೀಗೆಲ್ಲ ಬಿಡ್ಬೇಕಾಗ್ತದೆ.”

“ಬುಡು. ಏನಾಯ್ತು?”

“ಏನಾಯ್ತಾ? ಮನೆ ಹೆಂಗೆ ನಡೀತಿದೆ ಅಂತ ಗೊತ್ತಾ ನಿಮ್ಗೆ? ಸೊಪ್ಪಲ್ಲಿ ನಡೀತದಾ?”

“ಉಣ್ಣೋ ಒತ್ನಲ್ಲಿ ಬ್ಯಾಡ,” ಅಂದಳು ದೇವಿರಮ್ಮ, ಗಂಡನ ತಟ್ಟೆಗೆ ಸಾರು ಬಿಡುತ್ತ. “ಅವನೂ ದುಡೀಲೇಬೇಕಲ್ಲ. ನಿಮ್ ಬಾಯಿಗೆ ಬೀಗ ಆಕೊಳಿ.”

ಬಿಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಅವಳಿಗೆ ಗಂಡನ ಮಾತೇ ಸರಿ ಅನ್ನಿಸಿತ್ತು. ಕಾರು ಕೈಬಿಟ್ಟ ಮೇಲೆ ಅವನು ಗೋಡೆ ನೋಡಿಕೊಂಡು ಕೂತಿದ್ದ ದಿನಗಳು ಅವಳಿಗೆ ನೆನಪಿದ್ದವು.

ಯುಗಾದಿ ಕಳೆದ ಮೇಲೆ ಚಿಕ್ಕಬಸವಯ್ಯ ಹಸುಗಳನ್ನು ಮಾರಿದ. ಲಗೇಜ್ ಆಟೋಗೆ ಹತ್ತಿಸುವಾಗ ಒಂದು ಹಸು ಹಗ್ಗ ಜಗ್ಗಿ ಹಿಂದಕ್ಕೇ ಬರುತ್ತಿತ್ತು. ಮಹದೇವುವೇ ಹೋಗಿ ಬೆನ್ನು ನೀವಿ ಹತ್ತಿಸಿದ. ಆಮೇಲಿನ ವಾರದಿಂದ ಚಿಕ್ಕಬಸವಯ್ಯ ನೀಲಿ ಅಂಗಿ ತೊಟ್ಟು ಒಂದು ಅಪಾರ್ಟ್‌ಮೆಂಟಿನ ಗೇಟಿಗೆ ಸೆಕ್ಯೂರಿಟಿಯಾಗಿ ಹೋಗತೊಡಗಿದ. ಅಲ್ಲಿಗೂ ಅಭಿಲಾಷನ ಟ್ಯಾಂಕರೇ ಹೋಗುತ್ತಿತ್ತು. ಗೇಟು ತೆಗೆದು ನಿಲ್ಲುವವನು ಚಿಕ್ಕಬಸವಯ್ಯನೇ.

ಬಿಸಿಲು ಏರಿದಂತೆ ಮಹದೇವು ಮನೆ ಬೋರೂ ಸೋತಿತು. ಮೊದಲು ಧಾರೆ ಸಣ್ಣಗಾಯಿತು, ಆಮೇಲೆ ಕೆಂಪು ಕೆಸರು ಬಂತು. ಒಂದು ಟ್ಯಾಂಕರು ತುಂಬಲು ಅರ್ಧ ದಿನ ಬೇಕಾಯಿತು. ಸೊಪ್ಪಿನ ಪಾತಿ ಒಣಗಿ ಬಿರುಕು ಬಿಟ್ಟಿತು. ಮಹದೇವು ಗೋಣಿತಾಟು ಮಡಿಸಿ ಅಟ್ಟಕ್ಕೆ ಹಾಕಿದ. ಫೋನು ಮಾತ್ರ ನಿಲ್ಲಲಿಲ್ಲ. ಇವತ್ತು ನೀರಿಲ್ಲ ಅಂದರೆ ಜನ ನಾಳೆ ಬೇರೆಯವನಿಗೆ ಫೋನು ಮಾಡುತ್ತಾರೆ ಎಂದು ಅಭಿಲಾಷನಿಗೆ ಗೊತ್ತಿತ್ತು. ರಿಂಗ್ ರೋಡಿನ ಆಚೆ ಕಲ್ಲು ತೆಗೆದು ಬಿಟ್ಟ ಒಂದು ದೊಡ್ಡ ಹೊಂಡವಿತ್ತು. ಮೇಲಿನ ಬಡಾವಣೆಗಳ ಚರಂಡಿ ಬಂದು ಅದರೊಳಗೇ ಇಳಿಯುತ್ತಿತ್ತು. ಅಲ್ಲಿಂದ ಮೋಟಾರು ಹಾಕಿ ತುಂಬಿಸಿಕೊಂಡು ಕಟ್ಟುತ್ತಿರುವ ಮನೆಗಳಿಗೆ, ಗಾರೆ ಕೆಲಸಕ್ಕೆ ಕೊಡತೊಡಗಿದ. ಮನೆಯಲ್ಲಿ ಎಲ್ಲಿಂದ ತರುತ್ತೀಯ ಅಂದರೆ, ಪರಿಚಯದವರ ಬೋರು ಅನ್ನುತ್ತಿದ್ದ.

ಪೀಜಿಯಲ್ಲಿ ನೀರು ನಿಂತಿತು. ಹುಡುಗಿಯರು ಬಕೆಟ್ಟು ಹಿಡಿದು ಮೆಟ್ಟಿಲ ಮೇಲೆ ನಿಲ್ಲುತ್ತಿದ್ದರು. ಬಿಂದು ತಿಂಡಿ ಬಡಿಸುವಾಗ ಗಂಡನಿಗೆ ಗಂಟುಬಿದ್ದಳು.

“ಊರಿಗೆಲ್ಲ ನೀರು ಹಾಕ್ತೀರ. ನಮ್ಮ ಸಂಪಲ್ಲಿ ತಂಬಿಗೆ ಹಾಕಿ ಕೆರೀತಿದೀನಿ. ಮಕ್ಕಳು ಎರಡು ದಿನದಿಂದ ಸ್ನಾನ ಮಾಡಿಲ್ಲ ಕಣ್ರೀ. ಬೇರೆ ಪೀಜಿ ನೋಡ್ಕೋತೀವಿ ಅಂತಿದಾರೆ.”

“ನಾಳೆ ಹಾಕ್ತೀನಿ.”

“ನಾಳೆ ಅಲ್ಲ, ಇವತ್ತು. ಸಾಯಂಕಾಲ ಅವರು ಕಾಲೇಜಿಂದ ಬರೋ ಹೊತ್ತಿಗೆ ನಲ್ಲೀಲಿ ನೀರು ಬರ್ಬೇಕು.”

ಸಾಯಂಕಾಲದ ಹೊತ್ತಿಗೆ ಸಂಪು ತುಂಬಿತ್ತು. ಬಿಂದು ಕೊಳಾಯಿ ತಿರುಗಿಸಿದಾಗ ನೀರು ಸ್ವಲ್ಪ ಹಸಿರಿಗಿತ್ತು, ಪಾಚಿಯ ವಾಸನೆ ಬಂತು.

“ಇದೆಲ್ಲಿದು?”

“ಬೋರಿಂದೇ. ತಳದ ನೀರು, ಹಂಗೇ ಇರ್ತದೆ. ಕುಡಿಯೋಕೆ ಕ್ಯಾನ್ ತರಿಸ್ತೀಯಲ್ಲ, ಮತ್ತೇನು?” ಅಭಿಲಾಷ್ ಮುಖ ಕೊಡದೆ ಹೊರಗೆ ಹೋದ.

ಬಿಂದು ಇನ್ನೊಂದು ಮಾತು ಕೇಳಬಹುದಿತ್ತು. ಮೇಲಿನಿಂದ ಹುಡುಗಿಯರು ನೀರು ಬಂತು ಅಂತ ಕೂಗಿಕೊಂಡು ನಗುತ್ತಿದ್ದದ್ದು ಕೇಳಿಸಿತು. ಅವಳು ಕೊಳಾಯಿ ನಿಲ್ಲಿಸಿ ಒಲೆಯ ಕಡೆ ಹೋದಳು.

ಮಾರನೆಯ ಮಧ್ಯಾಹ್ನ ಕ್ಯಾನ್ ನೀರಿನವನು ಬರಲಿಲ್ಲ. ಬಿಸಿಲಿಗೆ ಸುಸ್ತಾಗಿ ಬಂದ ಹುಡುಗಿಯರಿಗೆ ಅವಳು ಮಜ್ಜಿಗೆ ಕಡೆದಿದ್ದಳು. ಮೊಸರು ಕಡಮೆ, ಜನ ಹೆಚ್ಚು. ಪಾತ್ರೆಯನ್ನು ಕೊಳಾಯಿಯ ಕೆಳಗೆ ಹಿಡಿದು ಒಂದು ಗಳಿಗೆ ತಡೆದಳು. ಆಮೇಲೆ ತಿರುಗಿಸಿದಳು. ಶುಂಠಿ, ಕರಿಬೇವು, ಹಸಿಮೆಣಸಿನಕಾಯಿ ಜಜ್ಜಿ ಹಾಕಿದ ಮೇಲೆ ವಾಸನೆ ಗೊತ್ತಾಗಲಿಲ್ಲ. ಸೌಮ್ಯಶ್ರೀ ಎರಡು ಲೋಟ ಕುಡಿದಳು. “ಅಕ್ಕ, ನಮ್ಮವ್ವ ಮಾಡಿದಂಗೇ ಇದೆ,” ಅಂದಳು.

ಸೌಮ್ಯಶ್ರೀ ಗುಂಡ್ಲುಪೇಟೆ ಕಡೆಯ ಹುಡುಗಿ, ಬಿ.ಎಸ್ಸಿ. ಕೊನೆಯ ವರ್ಷ. ತಾಯಿ ಸರ್ವಮಂಗಳಾ ಹೂವಿನ ಹೊಲಗಳಲ್ಲಿ ಕೂಲಿ ಮಾಡುವವಳು, ಗಂಡನಿಲ್ಲ. ಮಗಳನ್ನು ಸೇರಿಸಲು ಬಂದಾಗ ಆಕೆ ಕೇಳಿದ್ದು ಒಂದೇ ಪ್ರಶ್ನೆ: “ನಾವು ಲಿಂಗ ಕಟ್ಟೋರು. ಬಾಡು ಬೇಯಿಸೋ ಪಾತ್ರೆ ಬೇರೆ ತಾನೆ?” ಬೇರೆ ಅಂತ ದೇವಿರಮ್ಮ ದೇವರ ಮೇಲೆ ಆಣೆ ಇಟ್ಟು ಹೇಳಿದ್ದಳು. ಆ ಮಾತು ಅವಳು ತಪ್ಪಿರಲಿಲ್ಲ.

ಮಜ್ಜಿಗೆ ಕುಡಿದು ಒಂದೆರಡು ದಿನ ಕಳೆಯುವಷ್ಟರಲ್ಲಿ ಮೇಲಿನ ಅಂತಸ್ತಿನಲ್ಲಿ ವಾಂತಿ, ಭೇದಿ ಶುರುವಾಯಿತು. ಮನೆಯವರಿಗೂ ಹೊಟ್ಟೆ ಕೆಟ್ಟಿತು, ಆದರೆ ಬೇಗ ಸುಧಾರಿಸಿಕೊಂಡರು. ಊರು ಹತ್ತಿರವಿದ್ದ ಹುಡುಗಿಯರನ್ನು ಅವರವರ ಮನೆಯವರು ಬಂದು ಕರೆದುಕೊಂಡು ಹೋದರು. ಸೌಮ್ಯಶ್ರೀ ಪರೀಕ್ಷೆ ಹತ್ತಿರವಿದೆ ಅಂತ ಮಾತ್ರೆ ನುಂಗಿ ಓದುತ್ತ ಕೂತಳು. ಬೆಳಿಗ್ಗೆ ಬಿಂದು ತಿಂಡಿಗೆ ಕರೆಯಲು ಹೋದಾಗ ಅವಳು ಬಚ್ಚಲ ಬಾಗಿಲಲ್ಲಿ ಬಿದ್ದಿದ್ದಳು. ಕಣ್ಣು ಗುಳಿ ಬಿದ್ದಿದ್ದವು, ಕೈ ತಣ್ಣಗಿತ್ತು. ಮಹದೇವು ಹೋಗಿ ಆಟೋ ತಂದ. ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು, ತಡ ಮಾಡಿದ್ದೀರ, ಕಿಡ್ನಿಗೆ ಪೆಟ್ಟು ಬಿದ್ದಿದೆ ಅಂದರು.

ಆವತ್ತು ಬಿಂದು ಆಸ್ಪತ್ರೆಯಿಂದ ಬಂದಾಗ ಸಂಪಿನ ಮುಚ್ಚಳ ತೆಗೆದಿತ್ತು. ಅಭಿಲಾಷ್ ಒಳಗಿಳಿದು ಬ್ಲೀಚಿಂಗ್ ಪೌಡರು ಹಾಕಿ ಗೋಡೆ ಉಜ್ಜುತ್ತಿದ್ದ. ಅವಳು ಮೇಲೆ ನಿಂತು ನೋಡಿದಳು.

“ಎಲ್ಲಿಯ ನೀರು ಅದು? ನಿಜ ಹೇಳಿ.”

ಅವನು ಉಜ್ಜುವುದನ್ನು ನಿಲ್ಲಿಸಲಿಲ್ಲ. “ಹೊಂಡದ್ದು. ಸ್ನಾನಕ್ಕೆ ತಾನೆ ಅಂತ ಹಾಕ್ದೆ. ನೀನೇ ಕುತ್ತಿಗೆ ಮೇಲೆ ಕೂತಿದ್ದೆ, ಇವತ್ತೇ ಬೇಕು ಅಂತ. ಅಡುಗೆಗೆ ಬಳಸು ಅಂತ ನಾನು ಹೇಳಿದ್ನಾ?”

ಊಟಕ್ಕೆ ಎಲ್ಲರೂ ಕೂತಾಗ ಅವನೇ ಮಾತು ತೆಗೆದ. “ನಾಳೆ ಆರೋಗ್ಯ ಇಲಾಖೆಯವರು ಬರ್ತಾರೆ. ಹುಡುಗೀರು ಬೀದೀಲಿ ಪಾನಿಪುರಿ ತಿಂದ್ರು. ನಮ್ಗೆ ಗೊತ್ತಿರೋದು ಅಷ್ಟೇ. ಎಲ್ರದೂ ಒಂದೇ ಮಾತಿರ್ಬೇಕು.”

“ಆ ಉಡುಗಿ ಬೀದೀಲಿ ತಿನ್ನಾಕಿಲ್ಲ,” ಅಂದ ಮಹದೇವು.

“ಅಪ್ಪ, ನಾನು ಜೈಲಿಗೆ ಹೋದ್ರೆ ನಿಮ್ಗೆ ಸಮಾಧಾನವಾ? ಪೀಜಿ ಮುಚ್ಚಿಸ್ತಾರೆ, ಟ್ಯಾಂಕರ್ ಹಿಡೀತಾರೆ. ಆಮೇಲೆ ಏನ್ ತಿಂತೀರ?”

ಮಹದೇವು ತಟ್ಟೆಯಲ್ಲೇ ಕೈ ತೊಳೆದು ಎದ್ದ. ಮುದ್ದೆ ಮುರಿದೂ ಇರಲಿಲ್ಲ.

“ಮನೆ ಮಾತು ಮನೇಲಿರ್ಲಿ,” ಅಂದಳು ದೇವಿರಮ್ಮ ಸೊಸೆಯ ಕಡೆ ನೋಡಿ. “ಉಡುಗಿ ಉಷಾರಾಗಲಿ ಅಂತ ನಾನೂ ಅರಕೆ ಕಟ್ಕೊಂಡಿವ್ನಿ. ಆದ್ರೆ ಈ ಮಾತು ಒರಕ್ ಓಗಬಾರ್ದು ಕಣವ್ವ.”

ಬಿಂದು ಹೂಂ ಅಂದಳು.

ಆರೋಗ್ಯ ಇಲಾಖೆಯವರು ಬಂದು ಸಂಪಿನಿಂದ ಒಂದು ಬಾಟಲಿ ನೀರು ಹಿಡಿದುಕೊಂಡು ಹೋದರು. ಅದರಲ್ಲಿ ಬ್ಲೀಚಿಂಗ್ ಪೌಡರಿನ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ.

ಸರ್ವಮಂಗಳಾ ಊರಿನಿಂದ ಬಂದು ಮಗಳ ಮಂಚದ ಪಕ್ಕ ಕೂತಿದ್ದಳು. ಬಿಂದು ದಿನವೂ ಕ್ಯಾರಿಯರಿನಲ್ಲಿ ಗಂಜಿ ಒಯ್ಯುತ್ತಿದ್ದಳು. ಹುಡುಗಿ ಬದುಕುತ್ತಾಳೆ ಅನ್ನುವುದು ಖಚಿತವಾದ ಮೇಲೆ ತಾಯಿಯ ಹೆದರಿಕೆ ಹೋಗಿ ಸಿಟ್ಟು ಬಂತು. ಅಷ್ಟರಲ್ಲಿ ಪರೀಕ್ಷೆಗಳೆಲ್ಲ ನಡೆದು ಮುಗಿದಿದ್ದವು.

“ಬಾಯಿ ಚಪಲಕ್ಕೆ ವರ್ಷ ಕಳ್ಕೊಂಡಲ್ಲೇ. ಬೀದೀಲಿ ತಿನ್ನಬೇಡ ಅಂತ ಎಷ್ಟು ಬಡ್ಕೊಂಡಿದ್ದೆ.”

“ನಾನು ತಿಂದಿಲ್ಲ ಕಣವ್ವ.”

“ಸುಳ್ಳು ಬೇರೆ. ಇವರ ಮನೆಯವರೇ ಹೇಳಿದ್ರಲ್ಲ.” ಸರ್ವಮಂಗಳಾ ಬಿಂದುವಿನ ಕಡೆ ತಿರುಗಿದಳು. “ನೀವು ಬೇಜಾರು ಮಾಡ್ಕೋಬೇಡಿ ಕಣಮ್ಮ. ಇಷ್ಟು ಚೆನ್ನಾಗಿ ನೋಡ್ಕೊಂಡ್ರೂ ನಿಮ್ಮ ಮನೆಗೆ ಕೆಟ್ಟ ಹೆಸರು ತಂದುಬುಟ್ಟಳು.”

ಸೌಮ್ಯಶ್ರೀ ಗೋಡೆ ಕಡೆ ಮುಖ ಮಾಡಿ ಮಲಗಿದಳು. ಬಿಂದು ಗಂಜಿಯ ಡಬ್ಬಿ ಕೈಯಲ್ಲಿ ಹಿಡಿದೇ ನಿಂತಳು.

“ಅವಳು ಸುಳ್ಳು ಹೇಳ್ತಿಲ್ಲ,” ಅಂದಳು.

ಆಮೇಲೆ ಎಲ್ಲವನ್ನೂ ಹೇಳಿದಳು. ಹೊಂಡ, ಸಂಪು, ತಾನು ಹಟ ಮಾಡಿದ್ದು, ಮಜ್ಜಿಗೆ ಪಾತ್ರೆಯನ್ನು ಕೊಳಾಯಿಗೆ ಹಿಡಿದದ್ದು. ಕೇಳಿ ಮುಗಿದ ಮೇಲೆ ಸರ್ವಮಂಗಳಾ ಬಿಂದುವಿನ ಕೈಯಲ್ಲಿದ್ದ ಡಬ್ಬಿಯ ಮುಚ್ಚಳ ಒತ್ತಿ ಬಿಗಿ ಮಾಡಿದಳು.

“ಇದನ್ನ ಯಾವ ನೀರಲ್ಲಿ ಮಾಡಿದ್ದು?”

“ಕ್ಯಾನ್ ನೀರು. ಕುದಿಸಿ ಮಾಡಿದೀನಿ.”

“ತಗೊಂಡೋಗಿ.”

ಹುಡುಗಿಯನ್ನು ಆಸ್ಪತ್ರೆಯಿಂದ ಕಳಿಸಿದ ದಿನ ಸರ್ವಮಂಗಳಾ ಪೀಜಿಗೆ ಬಂದು ಟ್ರಂಕು, ಹಾಸಿಗೆ, ಪುಸ್ತಕ ಕಟ್ಟಿಕೊಂಡಳು. ದೇವಿರಮ್ಮ ಮೆಟ್ಟಿಲ ಬುಡದಲ್ಲಿ ನಿಂತು, “ತಪ್ಪಾಗೋಯ್ತು ಕಣವ್ವ. ಮಗೀನ ಓದು ಬುಡಿಸಬ್ಯಾಡ,” ಅಂದಳು.

“ಬೀದಿ ತಿಂಡಿಯಿಂದ ಆಗಿದ್ರೆ ಎರಡು ಬಾರಿಸಿ ಬುದ್ಧಿ ಹೇಳಿ ಬುಟ್ಟೋಗ್ತಿದ್ದೆ. ಮನೆ ನೀರೇ ಹಿಂಗಾದ್ಮೇಲೆ ಯಾರನ್ನ ನಂಬಿ ಬುಡ್ಲಿ? ನಮ್ಮಣ್ಣ ಗಂಡು ನೋಡಿದಾನೆ. ಇರೋ ಒಂದು ಜೀವ, ಕಣ್ಮುಂದೆ ಇರ್ಲಿ.” ಪೋಲೀಸು ಅನ್ನಲಿಲ್ಲ, ಶಾಪ ಹಾಕಲಿಲ್ಲ. ಟ್ರಂಕನ್ನು ತಾನೇ ತಲೆ ಮೇಲಿಟ್ಟುಕೊಂಡು ಇಳಿದಳು.

ಸೌಮ್ಯಶ್ರೀ ಆಟೋದಲ್ಲಿ ಕೂತಿದ್ದಳು. ಬಿಂದು ಹತ್ತಿರ ಹೋದಾಗ ತಾಯಿಗೆ ಕೇಳಿಸದಂತೆ ಹೇಳಿದಳು: “ಅಕ್ಕ, ಪಾನಿಪುರಿ ಅಂತಲೇ ಬಿಟ್ಟಿದ್ರೆ ಆಗ್ತಿತ್ತು. ಬೈಸ್ಕೊಂಡು ಇಲ್ಲೇ ಇರ್ತಿದ್ದೆ.”

ಆಟೋ ಹೊರಟಿತು.

ಮಾತು ಹರಡಲು ಹೊತ್ತಾಗಲಿಲ್ಲ. ಉಳಿದ ಹುಡುಗಿಯರೂ ಒಬ್ಬೊಬ್ಬರಾಗಿ ಕೋಣೆ ಖಾಲಿ ಮಾಡಿದರು. ನೀರಿಗೆ ಬರುತ್ತಿದ್ದ ಫೋನುಗಳು ನಿಂತವು. ಅಭಿಲಾಷ್ ಹೆಂಡತಿಯ ಮೇಲೆ ಕೈ ಎತ್ತಿದ. ಮಹದೇವು ಅಡ್ಡ ಬಂದು ಅವನ ರಟ್ಟೆ ಹಿಡಿದ.

“ಬುಡಿ ಅಪ್ಪ. ನನ್ನ ಹಾಳು ಮಾಡಿದ್ಳು ಇವಳು. ಹೇಳಿ ಏನು ಗಿಟ್ಟಿಸ್ಕೊಂಡ್ಳು? ಆ ಹುಡುಗಿಗಾದ್ರೂ ಒಳ್ಳೇದಾಯ್ತಾ?”

“ಆಗ್ನಿಲ್ಲ,” ಅಂದ ಮಹದೇವು. “ಆದ್ರೂ ಕೈ ಇಳ್ಸು.”

ಅಭಿಲಾಷ್ ಕೈ ಇಳಿಸಿದ. ಅವತ್ತಿನಿಂದ ಅವನು ಊಟಕ್ಕೆ ಕೂರುವುದು ಬಿಂದು ಅಡುಗೆಮನೆಯಲ್ಲಿ ಇಲ್ಲದ ಹೊತ್ತಿನಲ್ಲಿ. ಟ್ಯಾಂಕರು ಮಾರಿದ, ಇಲವಾಲದ ಕಡೆ ಬೋರು ಇರುವ ಒಬ್ಬನ ಹತ್ತಿರ ಟ್ಯಾಂಕರು ಓಡಿಸುವ ಕೆಲಸಕ್ಕೆ ಸೇರಿದ. ಸೊಪ್ಪಿನ ಪಾತಿಯ ಜಾಗಕ್ಕೆ ಜಲ್ಲಿ ಹೊಡೆಸಿ ಕಾರು ನಿಲ್ಲಿಸಲು ಬಾಡಿಗೆಗೆ ಕೊಟ್ಟರು. ಗೇಟು ತೆಗೆಯುವುದು, ಹಾಕುವುದು ಮಹದೇವುವಿನ ಪಾಲಿಗೆ ಬಂತು. ಬಿಂದು ಬೆಳಿಗ್ಗೆ ಇನ್ನೊಂದು ಬಡಾವಣೆಯ ಹಾಸ್ಟೆಲಿಗೆ ಅಡುಗೆಗೆ ಹೋಗತೊಡಗಿದಳು. ದೇವಿರಮ್ಮ ಬೇಕಾದಷ್ಟು ಮಾತ್ರ ಮಾತಾಡುತ್ತಿದ್ದಳು: ಉಪ್ಪು ತಾ, ಬಟ್ಟೆ ಒಣಗಾಕು.

ಮುಂಗಾರು ಹಿಡಿದು ಬೋರಿಗೆ ಮತ್ತೆ ನೀರು ಬಂತು. ಒಂದು ಮಧ್ಯಾಹ್ನ ಬಿಂದುವಿನ ಫೋನಿಗೆ ಸೌಮ್ಯಶ್ರೀಯ ಕರೆ ಬಂತು.

“ಅಕ್ಕ, ತಪ್ಪಿಹೋದ ಪರೀಕ್ಷೆ ಮತ್ತೆ ಬರೆಯೋಕೆ ಬಿಡ್ತಾರೆ. ಫೀಸು ಕಟ್ಟಿದೀನಿ. ಅವ್ವಂಗೆ ಹೇಳಿಲ್ಲ, ಗೆಳತಿ ಮನೆ ಮದುವೆ ಅಂತ ಹೇಳಿ ಬರ್ತೀನಿ. ಉಳ್ಕೊಳೋಕೆ ಬೇರೆ ಎಲ್ಲೂ ಜಾಗ ಇಲ್ಲ.”

“ಬಾ,” ಅಂದಳು ಬಿಂದು.

ಅಕ್ಕಿ ಆರಿಸುತ್ತಿದ್ದ ದೇವಿರಮ್ಮ ಮೊರ ಕೆಳಗಿಟ್ಟಳು. “ಅವರವ್ವಂಗೆ ಒಂದ್ ಮಾತು ಏಳ್ಬೇಕಲ್ವಾ? ನಾಳೆ ಎಚ್ಚುಕಡ್ಮೆ ಆದ್ರೆ?”

“ಈ ಸಲ ನಾನು ಯಾರ್ಗೂ ಏನೂ ಹೇಳಲ್ಲ ಅತ್ತೆ.”

ದೇವಿರಮ್ಮ ಸೊಸೆಯ ಮುಖವನ್ನೇ ನೋಡಿದಳು. ಮತ್ತೆ ಮೊರ ಎತ್ತಿಕೊಂಡಳು. ಮಾರನೆಯ ದಿನ ಅವಳೇ ಮೇಲೆ ಹೋಗಿ ಒಂದು ಕೋಣೆ ಗುಡಿಸಿ ಬಂದಳು.

ಪರೀಕ್ಷೆಯ ಹಿಂದಿನ ದಿನ ಸೌಮ್ಯಶ್ರೀ ಬಂದಳು. ಮುಖ ಸಣ್ಣಗಾಗಿತ್ತು, ಕೂದಲು ಉದುರಿ ಜಡೆ ತೆಳ್ಳಗಾಗಿತ್ತು. ಮಹದೇವು ಗೇಟಿನಲ್ಲೇ ಅವಳ ಚೀಲ ಇಸಿದುಕೊಂಡ. ಪುಸ್ತಕಕ್ಕೂ ಬಟ್ಟೆಗೂ ಅಷ್ಟು ಭಾರ ಬರುವುದಿಲ್ಲ ಅನ್ನಿಸಿದರೂ ಏನೂ ಕೇಳದೆ ಒಳಗೆ ತಂದಿಟ್ಟ. ಬಿಂದು ಬೆಳಿಗ್ಗೆಯೇ ಕ್ಯಾನ್ ನೀರನ್ನು ಕುದಿಸಿ, ಆರಿಸಿ, ತೊಳೆದ ಹೂಜಿಗೆ ತುಂಬಿ ಮುಚ್ಚಿಟ್ಟಿದ್ದಳು. ಅನ್ನ, ಬೇಳೆಸಾರು, ಹುರುಳಿಕಾಯಿ ಪಲ್ಯ ಬಡಿಸಿದಳು. ತಟ್ಟೆಯ ಪಕ್ಕದಲ್ಲಿ ಲೋಟಕ್ಕೆ ನೀರು ಬಗ್ಗಿಸಿ ಇಟ್ಟಳು.

“ಚೆನ್ನಾಗಿದೆ ಅಕ್ಕ,” ಅಂದಳು ಹುಡುಗಿ, ಎರಡು ತುತ್ತು ಉಂಡು.

“ಹೊಟ್ಟೆ ತುಂಬ ಊಟ ಮಾಡು.”

ಅವಳು ತಲೆಯಾಡಿಸಿ ಉಂಡಳು. ಬಾಯಾರಿದಾಗ ಎಡಗೈಯಿಂದ ಚೀಲ ಎಳೆದುಕೊಂಡು ಜಿಪ್ಪು ತೆಗೆದಳು. ಒಳಗೆ ನೀರು ತುಂಬಿದ ಬಾಟಲಿಗಳು ಒತ್ತಾಗಿ ನಿಂತಿದ್ದವು, ಊರಿನಿಂದ ಹೊತ್ತು ತಂದವು. ಒಂದನ್ನು ತೆಗೆದು ಕುಡಿದು, ಮುಚ್ಚಳ ತಿರುಗಿಸಿ ಮತ್ತೆ ಚೀಲಕ್ಕೇ ಹಾಕಿದಳು. ಯಾರ ಮುಖವನ್ನೂ ನೋಡಲಿಲ್ಲ.

ದೇವಿರಮ್ಮ ಬಾಗಿಲಲ್ಲಿ ಏನೋ ಹೇಳಲು ಹೋದಳು. ಬಿಂದು ಕೈಸನ್ನೆಯಲ್ಲೇ ತಡೆದಳು. ಲೋಟವನ್ನು ಸದ್ದಾಗದಂತೆ ಎತ್ತಿಕೊಂಡು ಒಳಗಿಟ್ಟು ಬಂದು, ಹುಡುಗಿಯ ತಟ್ಟೆಗೆ ಇನ್ನೊಂದಿಷ್ಟು ಅನ್ನ ಹಾಕಿದಳು.